ಬ್ಯಾಂಕಾಕ್‌ನಲ್ಲಿ ಓಡಾಡುವುದು ಹೇಗೆ: ವಿಮಾನ ಇಳಿದಲ್ಲಿಂದ ವಾಪಸ್ ಹತ್ತುವವರೆಗೆ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಅಲ್ಲಿ ಇಳಿದ ಮೇಲೆ ಹೋಟೆಲಿನಿಂದ ಗ್ರ್ಯಾಂಡ್ ಪ್ಯಾಲೇಸ್ ಅರಮನೆ ನೋಡೋಕೆ ಹೋಗಿ ಬರುವುದರಲ್ಲೇ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಕಾರಲ್ಲಿ ಕೂತವರಿದ್ದಾರೆ. ಹೋಗಿ ಬಂದವರ ದೂರುಗಳು ಬೇರೆ ಬೇರೆ ಅನಿಸಿದರೂ ಬೇರು ಒಂದೇ. ಮೊಬೈಲ್ ತೆಗೆದು ಮೊದಲು ಕಾರು ಬುಕ್ ಮಾಡುತ್ತಾರೆ, ದಾರಿ ಯೋಚಿಸುವುದು ಆಮೇಲೆ.

ಈ ಊರಿನಲ್ಲಿ ಅದು ಉಲ್ಟಾ ಆಗಬೇಕು. ಉದ್ದದ ದೂರಕ್ಕೆ ರೈಲು. ಹಳೇ ಊರಿಗೆ ದೋಣಿ. ಕೊನೆಯ ಒಂದೆರಡು ಕಿಲೋಮೀಟರಿಗೆ ಮಾತ್ರ ಕಾರು. ಕೆಳಗಿನದೆಲ್ಲ ಇದೇ ಕ್ರಮದಲ್ಲಿದೆ. ದರಗಳು ಆಗಾಗ ಒಂದೆರಡು ಬಾತ್ (ಅಲ್ಲಿನ ಹಣ) ಏರಿಳಿಯುತ್ತವೆ, ಅಂದಾಜಿಗೆ ಇಟ್ಟುಕೊಳ್ಳಿ.

## ಹಂತ 1: ಊರಲ್ಲಿದ್ದಾಗಲೇ ಮುಗಿಸಬೇಕಾದ ಕೆಲಸ

1. ಹೋಟೆಲ್ ಆಯ್ಕೆ. ಅರ್ಧ ಪ್ರಯಾಣ ಇಲ್ಲೇ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಹೋಟೆಲಿನಿಂದ ರೈಲು ನಿಲ್ದಾಣಕ್ಕೆ ನಡೆದು ಹೋಗುವ ದೂರ 500 ಮೀಟರ್ ದಾಟಬಾರದು. ಜಾಹೀರಾತಿನಲ್ಲಿ ‘ನಿಲ್ದಾಣಕ್ಕೆ 5 ನಿಮಿಷ’ ಅಂತ ಇದ್ದರೆ ನಂಬಬೇಡಿ, ಅದು ಕಾರಿನ 5 ನಿಮಿಷ ಇರಬಹುದು. ಮ್ಯಾಪಿನಲ್ಲಿ ನಡಿಗೆಯ ದಾರಿಯನ್ನೇ ಹಾಕಿ ನೋಡಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಅಸೋಕ್ ನಿಲ್ದಾಣದ ಸುತ್ತಮುತ್ತ, ಇಲ್ಲವೇ ಸಾಲಾ ಡೇಂಗ್ ಸುತ್ತಮುತ್ತ. ಎರಡೂ ಕಡೆ ಎರಡು ರೈಲು ಜಾಲಗಳು ಸೇರುತ್ತವೆ.

ಖಾವೋಸಾನ್ ರಸ್ತೆಯ ಹತ್ತಿರ ಕೋಣೆ ಅಗ್ಗ, ಗಲಾಟೆ ಜೋರು. ಆದರೆ ಪಕ್ಕದಲ್ಲಿ ರೈಲು ನಿಲ್ದಾಣವೇ ಇಲ್ಲ. ಅಲ್ಲಿ ಉಳಿದು ‘ಮೆಟ್ರೋ ಎಲ್ಲಿ?’ ಎಂದು ಹುಡುಕುವುದು ತುಂಬ ಜನ ಮಾಡುವ ತಪ್ಪು. ಅಲ್ಲೇ ಉಳಿಯುವುದಾದರೆ ದೋಣಿಯೇ ನಿಮ್ಮ ಮುಖ್ಯ ವಾಹನ ಅಂತ ಮೊದಲೇ ಒಪ್ಪಿಕೊಳ್ಳಿ.

ಸುಕುಂವಿಟ್ ರಸ್ತೆಯ ವಿಳಾಸ ಓದುವುದನ್ನೂ ಕಲಿತಿರಿ. ಅದರ ಅಡ್ಡರಸ್ತೆಗಳಿಗೆ ಸೋಯ್ ಎನ್ನುತ್ತಾರೆ. ಬೆಸ ಸಂಖ್ಯೆಯ ಸೋಯ್‌ಗಳೆಲ್ಲ ಉತ್ತರಕ್ಕೆ, ಸಮ ಸಂಖ್ಯೆಯವು ದಕ್ಷಿಣಕ್ಕೆ. ಎರಡು ಬದಿಯ ಸಂಖ್ಯೆ ಒಂದೇ ವೇಗದಲ್ಲಿ ಏರುವುದಿಲ್ಲ. ತೋಂಗ್ ಲೋ ನಿಲ್ದಾಣದ ಒಂದು ಬದಿಗೆ ಸೋಯ್ 55 ಇದ್ದರೆ ಎದುರು ಬದಿಗೆ ಸೋಯ್ 38. ‘54ನೇ ಸೋಯ್ ಇಲ್ಲೇ ಎದುರಿಗೆ ಇರಬೇಕು’ ಎಂದು ಬಿಸಿಲಲ್ಲಿ ಹೊರಟರೆ ಕಾಲು ಸೋಲುತ್ತದೆ ಅಷ್ಟೇ.

2. ಮೊಬೈಲ್. ಕಾರು ಬುಕ್ ಮಾಡುವ ಗ್ರಾಬ್ ಮತ್ತು ಬೋಲ್ಟ್ ಆ್ಯಪ್ ಎರಡನ್ನೂ ಹಾಕಿಕೊಂಡು, ನೋಂದಣಿಯನ್ನು ಊರಲ್ಲೇ ಮುಗಿಸಿ. ಒಟಿಪಿ ಬರುವುದು ನಿಮ್ಮ ಭಾರತದ ನಂಬರಿಗೆ. ಅಲ್ಲಿ ಇಳಿದು ಹೊಸ ಸಿಮ್ ಹಾಕಿದ ಮೇಲೆ ಒಟಿಪಿಗಾಗಿ ಹಳೇ ಸಿಮ್ ಹುಡುಕುತ್ತಾ ನಿಲ್ಲುವವರನ್ನು ವಿಮಾನ ನಿಲ್ದಾಣದಲ್ಲಿ ಯಾವಾಗ ಬೇಕಾದರೂ ನೋಡಬಹುದು. ಬ್ಯಾಂಕಾಕ್‌ನ ಮ್ಯಾಪನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಟ್ಟುಕೊಳ್ಳಿ.

3. ಕಾರ್ಡು, ದುಡ್ಡು. ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಲ್ಲಿ ಎರಡು ಸ್ವಿಚ್ ಆನ್ ಇರಬೇಕು: ವಿದೇಶಿ ವಹಿವಾಟು ಮತ್ತು ತಟ್ಟಿ ಪಾವತಿಸುವ ಸೌಲಭ್ಯ. ಬ್ಯಾಂಕಿನ ಆ್ಯಪಿನಲ್ಲಿ ಎರಡೂ ಬೇರೆ ಬೇರೆ ಕಡೆ ಇರುತ್ತವೆ, ಒಂದು ಮಾಡಿ ಇನ್ನೊಂದು ಮರೆಯುವವರೇ ಜಾಸ್ತಿ. ಯುಪಿಐ ನಂಬಿಕೊಂಡು ಹೋಗಬೇಡಿ. ಅಲ್ಲಿನ ಎಟಿಎಮ್‌ಗಳು ವಿದೇಶಿ ಕಾರ್ಡಿಗೆ ಪ್ರತಿ ಸಲವೂ 200 ಬಾತ್‌ಗಿಂತ ಜಾಸ್ತಿ ಕೀಳುತ್ತವೆ. ಆದ್ದರಿಂದ ತೆಗೆಯುವುದಾದರೆ ಒಂದೇ ಸಲ ತೆಗೆಯಿರಿ.

4. ವಿಳಾಸ ಥಾಯ್ ಲಿಪಿಯಲ್ಲಿ. ಹೋಟೆಲಿನ ಹೆಸರು, ವಿಳಾಸ, ಫೋನ್ ನಂಬರ್ ಥಾಯ್ ಲಿಪಿಯಲ್ಲಿರುವ ಒಂದು ಚಿತ್ರ ಮೊಬೈಲಿನಲ್ಲಿ ಇರಲಿ. ಟ್ಯಾಕ್ಸಿಯವರಿಗೆ ನಮ್ಮ ಇಂಗ್ಲಿಷ್ ಉಚ್ಚಾರ ಹತ್ತುವುದಿಲ್ಲ. ಮ್ಯಾಪ್ ತೋರಿಸಿದರೆ ಅಕ್ಷರ ಸಣ್ಣದು ಅಂತ ಕನ್ನಡಕ ಹುಡುಕುತ್ತಾರೆ. ಥಾಯ್ ಅಕ್ಷರ ದೊಡ್ಡದಾಗಿ ತೋರಿಸಿದರೆ ತಲೆ ಆಡಿಸಿ ಹೊರಡುತ್ತಾರೆ.

5. ಆಗಮನದ ಡಿಜಿಟಲ್ ಕಾರ್ಡ್. 2025ರ ಮೇ 1ರಿಂದ ವಿದೇಶಿಯರೆಲ್ಲ ಟಿಡಿಎಸಿ ಎಂಬ ಆನ್‌ಲೈನ್ ಫಾರ್ಮ್ ತುಂಬಬೇಕು. ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಿದರೆ ಸಾಕು. ಇದು ಉಚಿತ. ದುಡ್ಡು ಕೇಳಿದ ವೆಬ್‌ಸೈಟ್ ಸರ್ಕಾರದ್ದಲ್ಲ, ತಕ್ಷಣ ಮುಚ್ಚಿಬಿಡಿ.

## ಹಂತ 2: ವಿಮಾನ ನಿಲ್ದಾಣದಿಂದ ಊರೊಳಗೆ

ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣ: ಪೂರ್ವಕ್ಕೆ ಸುವರ್ಣಭೂಮಿ, ಉತ್ತರಕ್ಕೆ ಡಾನ್ ಮುವಾಂಗ್. ಟಿಕೆಟ್ ಮೇಲೆ ಬಿಕೆಕೆ ಎಂದಿದ್ದರೆ ಮೊದಲನೆಯದು, ಡಿಎಂಕೆ ಎಂದಿದ್ದರೆ ಎರಡನೆಯದು. ಅಗ್ಗದ ವಿಮಾನಗಳು ಹೆಚ್ಚಾಗಿ ಡಾನ್ ಮುವಾಂಗ್‌ನಲ್ಲಿ ಇಳಿಯುತ್ತವೆ.

ಸುವರ್ಣಭೂಮಿಯಲ್ಲಿ ಇಳಿದರೆ: ಹೊರಬಂದ ಕೂಡಲೇ ಎದುರಿಗೆ ಸಿಗುವ ಹಣ ವಿನಿಮಯದ ಕೌಂಟರಿಗೆ ಹೋಗಬೇಡಿ. ಎಸ್ಕಲೇಟರ್ ಹಿಡಿದು ನೆಲಮಾಳಿಗೆಗೆ ಇಳಿಯಿರಿ. ಏರ್‌ಪೋರ್ಟ್ ರೈಲ್ ಲಿಂಕ್ ನಿಲ್ದಾಣದ ಪಕ್ಕದಲ್ಲೇ ವಿನಿಮಯದ ಚಿಕ್ಕ ಅಂಗಡಿಗಳ ಸಾಲಿದೆ. ಮೇಲಿನ ಬ್ಯಾಂಕ್ ಕೌಂಟರುಗಳಿಗಿಂತ ಅಲ್ಲಿ ಚೆನ್ನಾಗಿ ಸಿಗುತ್ತದೆ. ಕೇಳಿ 20 ಮತ್ತು 100 ಬಾತ್ ನೋಟುಗಳನ್ನೂ ತೆಗೆದುಕೊಳ್ಳಿ. 1000 ಬಾತ್ ನೋಟು ಹಿಡಿದು ದೋಣಿ ಹತ್ತಿದರೆ ಕಂಡಕ್ಟರಮ್ಮ ನಿಮ್ಮ ಮುಖ ನೋಡುತ್ತಾರೆ.

ಅಲ್ಲಿಂದಲೇ ರೈಲು. ಕೊನೆಯ ನಿಲ್ದಾಣ ಪಯಾ ತಾಯ್‌ಗೆ 45 ಬಾತ್, ಅರ್ಧ ಗಂಟೆಯೊಳಗಿನ ದಾರಿ. ಅಲ್ಲಿ ಬಿಟಿಎಸ್ ಎಂಬ ಮೇಲ್ಸೇತುವೆಯ ರೈಲು ಸಿಗುತ್ತದೆ. ಅದಕ್ಕೂ ಮುಂಚಿನ ಮಕ್ಕಸನ್‌ನಲ್ಲಿ ಇಳಿದರೆ ಸೇತುವೆ ದಾಟಿ ಪೆಚ್ಚಬುರಿ ಎಂಬ ನೆಲದಡಿಯ ಮೆಟ್ರೋ, ಅಂದರೆ ಎಂಆರ್‌ಟಿ ನಿಲ್ದಾಣ. ಅಸೋಕ್ ಕಡೆ ಉಳಿಯುವವರು ಮಕ್ಕಸನ್‌ನಲ್ಲೇ ಇಳಿಯಬೇಕು, ಪೆಚ್ಚಬುರಿಯಿಂದ ಮುಂದಿನ ನಿಲ್ದಾಣವೇ ನಿಮ್ಮದು. ರೈಲು ಬೆಳಗ್ಗೆ ಐದೂವರೆಯ ಹೊತ್ತಿಗೆ ಶುರುವಾಗಿ ಮಧ್ಯರಾತ್ರಿಗೆ ನಿಲ್ಲುತ್ತದೆ.

ಮೂವರು ನಾಲ್ವರು ಇದ್ದು ದೊಡ್ಡ ಸೂಟ್‌ಕೇಸ್‌ಗಳಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಟ್ಯಾಕ್ಸಿಯೇ ವಾಸಿ. ನೆಲದ ಮಟ್ಟದಲ್ಲಿರುವ ಒಂದನೇ ಅಂತಸ್ತಿಗೆ ಹೋಗಿ, ಯಂತ್ರದಿಂದ ಚೀಟಿ ತೆಗೆದುಕೊಳ್ಳಿ. ಚೀಟಿಯಲ್ಲಿರುವ ಸಂಖ್ಯೆಯ ಸಾಲಿನಲ್ಲಿ ನಿಂತ ಟ್ಯಾಕ್ಸಿಯೇ ನಿಮ್ಮದು. ಮೀಟರ್ ಹಣದ ಮೇಲೆ 50 ಬಾತ್ ನಿಲ್ದಾಣದ ಶುಲ್ಕ, ಜೊತೆಗೆ ಎಕ್ಸ್‌ಪ್ರೆಸ್‌ವೇ ಟೋಲ್ ನೀವೇ ಕೊಡಬೇಕು. ಇದು ಮೋಸ ಅಲ್ಲ, ನಿಯಮವೇ ಹಾಗೆ. ಚೀಟಿಯನ್ನು ಚಾಲಕ ಕೇಳಿದರೂ ಕೊಡಬೇಡಿ, ಜಗಳ ಆದರೆ ಗಾಡಿ ಗುರುತಿಸಲು ಅದೊಂದೇ ಆಧಾರ. ಒಳಗೇ ಬಂದು ‘ಟ್ಯಾಕ್ಸಿ ಟ್ಯಾಕ್ಸಿ’ ಎಂದು ಕರೆಯುವವರ ಹಿಂದೆ ಹೋಗಲೇಬೇಡಿ.

ಡಾನ್ ಮುವಾಂಗ್‌ನಲ್ಲಿ ಇಳಿದರೆ: ಮೇಲ್ಸೇತುವೆ ದಾಟಿದರೆ ರೆಡ್ ಲೈನ್ ರೈಲು. ಅದು ಕ್ರುಂಗ್ ತೆಪ್ ಅಪಿವಾಟ್ ಎಂಬ ದೊಡ್ಡ ನಿಲ್ದಾಣಕ್ಕೆ ತಲುಪಿಸುತ್ತದೆ, ಅಲ್ಲೇ ಎಂಆರ್‌ಟಿಯ ಬಾಂಗ್ ಸ್ಯೂ ನಿಲ್ದಾಣವಿದೆ. ಇಲ್ಲದಿದ್ದರೆ ಎ1 ಬಸ್ಸು, 30 ಬಾತ್, ಮೋ ಚಿಟ್ ಬಿಟಿಎಸ್‌ಗೆ. ಸಂಜೆ ಹೊತ್ತಿನಲ್ಲಿ ನಾನಾದರೆ ರೆಡ್ ಲೈನ್ ಹಿಡಿಯುತ್ತೇನೆ, ಬಸ್ಸು ಟ್ರಾಫಿಕ್‌ನಲ್ಲೇ ನಿಲ್ಲುತ್ತದೆ.

## ಹಂತ 3: ರೈಲು ಜಾಲ. ಒಂದಲ್ಲ, ಎರಡು

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ನಮ್ಮ ಮೆಟ್ರೋದಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದು ಅದೇ ಟಿಕೆಟ್‌ನಲ್ಲಿ ಇನ್ನೊಂದು ಲೈನಿಗೆ ಹತ್ತುತ್ತೀರಿ ಅಲ್ವಾ? ಬ್ಯಾಂಕಾಕ್‌ನಲ್ಲಿ ಹಾಗಾಗುವುದಿಲ್ಲ. ಬಿಟಿಎಸ್ ಬೇರೆ, ಎಂಆರ್‌ಟಿ ಬೇರೆ. ಕಂಪನಿ ಬೇರೆ, ಟಿಕೆಟ್ ಬೇರೆ, ಗೇಟು ಬೇರೆ.

ಬಿಟಿಎಸ್ ರಸ್ತೆಯ ಮೇಲೆ ಕಂಬದ ಮೇಲೆ ಓಡುತ್ತದೆ. ಮುಖ್ಯವಾಗಿ ಎರಡು ಲೈನು: ಸುಕುಂವಿಟ್ ಮತ್ತು ಸಿಲೋಮ್. ಎರಡೂ ಸೇರುವುದು ಸಿಯಾಮ್ ನಿಲ್ದಾಣದಲ್ಲಿ. ಅಂಗಡಿ, ಮಾಲ್, ಹೋಟೆಲ್ ಪ್ರದೇಶಗಳಿಗೆ ಇದು.

ಎಂಆರ್‌ಟಿ ಬ್ಲೂ ಲೈನ್ ನಡುಊರಿನಲ್ಲಿ ನೆಲದಡಿ ಓಡುತ್ತದೆ. ಚೈನಾಟೌನ್, ಹಳೇ ಊರು, ಅರಮನೆ ಕಡೆಗೆ ಇದು.

ಎರಡೂ ಸೇರುವ ಕಡೆ ಹೆಚ್ಚಾಗಿ ಒಂದೇ ಜಾಗಕ್ಕೆ ಎರಡು ಹೆಸರು. ಇದನ್ನು ಬರೆದಿಟ್ಟುಕೊಳ್ಳಿ:

- ಬಿಟಿಎಸ್ ಅಸೋಕ್ = ಎಂಆರ್‌ಟಿ ಸುಕುಂವಿಟ್
- ಬಿಟಿಎಸ್ ಸಾಲಾ ಡೇಂಗ್ = ಎಂಆರ್‌ಟಿ ಸಿ ಲೋಮ್
- ಬಿಟಿಎಸ್ ಮೋ ಚಿಟ್ = ಎಂಆರ್‌ಟಿ ಚತುಚಕ್ ಪಾರ್ಕ್
- ಬಿಟಿಎಸ್ ಹಾ ಯೇಕ್ ಲಾತ್ ಫ್ರಾವ್ = ಎಂಆರ್‌ಟಿ ಫಹೋನ್ ಯೋತಿನ್

‘ಸುಕುಂವಿಟ್ ನಿಲ್ದಾಣ’ ಅಂತ ಬಿಟಿಎಸ್ ನಕ್ಷೆಯಲ್ಲಿ ಹುಡುಕಿದರೆ ಸಿಗುವುದೇ ಇಲ್ಲ, ಅಲ್ಲಿ ಅದು ಲೈನಿನ ಹೆಸರು.

ಟಿಕೆಟ್ ಹೇಗೆ?

ಎಂಆರ್‌ಟಿ ಸುಲಭ. ತಟ್ಟುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ನೇರ ಗೇಟಿಗೆ ತಟ್ಟಿ ಒಳಗೆ ಹೋಗಿ. ಹೊರಗೆ ಬರುವಾಗಲೂ ಅದೇ ಕಾರ್ಡು ತಟ್ಟಬೇಕು. ಒಳಗೆ ಹೋಗುವಾಗ ಮೊಬೈಲಿನಿಂದ ತಟ್ಟಿ, ಹೊರಗೆ ಬರುವಾಗ ಪರ್ಸಿನಲ್ಲಿದ್ದ ಪ್ಲಾಸ್ಟಿಕ್ ಕಾರ್ಡು ತಟ್ಟಿದರೆ ಗೇಟು ತೆರೆಯುವುದಿಲ್ಲ. ಕಾರ್ಡು ಒಂದೇ ಆದರೂ ಯಂತ್ರಕ್ಕೆ ಅವು ಎರಡು. ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವುದೂ ಆಗುವುದಿಲ್ಲ. ಕಾರ್ಡು ಇಲ್ಲದವರಿಗೆ ಯಂತ್ರದಿಂದ ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಸಿಗುತ್ತದೆ. ಒಳಹೋಗುವಾಗ ತಟ್ಟಿ, ಹೊರಬರುವಾಗ ಸಂದಿಯಲ್ಲಿ ಹಾಕಬೇಕು.

ಬಿಟಿಎಸ್‌ಗೆ ಪ್ರತ್ಯೇಕ ಟಿಕೆಟ್ ತೆಗೆದುಕೊಂಡೇ ಹೋಗಿ. ಕೆಲವು ಯಂತ್ರಗಳು ನಾಣ್ಯ ಮಾತ್ರ ತಿನ್ನುತ್ತವೆ, ಆಗ ಪಕ್ಕದ ಗಾಜಿನ ಕೌಂಟರಿನಲ್ಲಿ ಚಿಲ್ಲರೆ ಕೇಳಿ. ದರ 17 ಬಾತ್‌ನಿಂದ ಶುರು. ಒಂದೇ ದಿನ ಬಿಟಿಎಸ್‌ನಲ್ಲೇ ನಾಲ್ಕೈದು ಸಲ ಹತ್ತಿ ಇಳಿಯುವುದಿದ್ದರೆ ಒಂದು ದಿನದ ಪಾಸ್ ಕೇಳಿ, ಸುಮಾರು 150 ಬಾತ್. ಅದು ಎಂಆರ್‌ಟಿಯಲ್ಲಿ ನಡೆಯುವುದಿಲ್ಲ. ರ‍್ಯಾಬಿಟ್ ಎಂಬ, ದುಡ್ಡು ತುಂಬಿಸಿಕೊಂಡು ಬಳಸುವ ಕಾರ್ಡ್ ಬೇಕಿದ್ದರೆ ಪಾಸ್‌ಪೋರ್ಟ್ ತೋರಿಸಬೇಕು. ಎರಡು ಮೂರು ದಿನ ಇರುವವರಿಗೆ ಅದರ ರಗಳೆ ಯಾಕೆ, ಬಿಡಿ ಟಿಕೆಟ್ ಸಾಕು. 90 ಸೆಂಟಿಮೀಟರ್ ಎತ್ತರದೊಳಗಿನ ಮಕ್ಕಳಿಗೆ ಎರಡರಲ್ಲೂ ಟಿಕೆಟ್ ಇಲ್ಲ.

ದಿಕ್ಕು ತಪ್ಪದಿರಲು: ಫಲಕದಲ್ಲಿ ಇರುವುದು ಲೈನಿನ ಕೊನೆಯ ನಿಲ್ದಾಣದ ಹೆಸರು. ಸುಕುಂವಿಟ್ ಲೈನಿನ ಎರಡು ತುದಿ ಖು ಖೋಟ್ ಮತ್ತು ಖೇಹಾ. ಸಿಲೋಮ್ ಲೈನಿನ ತುದಿ ನ್ಯಾಷನಲ್ ಸ್ಟೇಡಿಯಂ ಮತ್ತು ಬಾಂಗ್ ವಾ.

ಬ್ಲೂ ಲೈನ್ ಸ್ವಲ್ಪ ಕುಚೋದ್ಯದ್ದು. ಅದು 6ರ ಆಕಾರದಲ್ಲಿದೆ. ಊರು ಸುತ್ತಿ ಬಂದು ತಾ ಫ್ರಾ ಎಂಬಲ್ಲಿ ತನ್ನನ್ನೇ ತಾನು ದಾಟುತ್ತದೆ. ಅಸೋಕ್ ಕಡೆಯಿಂದ ಅರಮನೆಯ ಹತ್ತಿರದ ಸನಾಮ್ ಚಾಯ್‌ಗೆ ಹೋಗಬೇಕು ಅಂದುಕೊಳ್ಳಿ. ನಕ್ಷೆಯಲ್ಲಿ ಸನಾಮ್ ಚಾಯ್ ಆಚೆಗೆ, ಸ್ವಲ್ಪ ದೂರದಲ್ಲೇ ತಾ ಫ್ರಾ ಕಾಣುತ್ತದೆ. ಸರಿ ಅಂತ ‘ತಾ ಫ್ರಾ’ ಫಲಕದ ರೈಲು ಹತ್ತಿದರೆ ಅದು ಉತ್ತರಕ್ಕೆ ಹೋಗಿ, ಬಾಂಗ್ ಸ್ಯೂ ಸುತ್ತಿ, ನದಿ ದಾಟಿ, ಇಡೀ ಊರಿನ ಪ್ರದಕ್ಷಿಣೆ ಹಾಕಿಸುತ್ತದೆ. ನೀವು ಹತ್ತಬೇಕಾದದ್ದು ‘ಲಾಕ್ ಸಾಂಗ್’ ಕಡೆಯ ರೈಲು. ಇದೊಂದು ನೆನಪಿಟ್ಟರೆ ಮುಕ್ಕಾಲು ಗಂಟೆ ಉಳಿಯಿತು.

ನಿಲ್ದಾಣದೊಳಗಿನ ನಡವಳಿಕೆ. ಬಾಗಿಲ ಬದಿಗೆ ಸಾಲು ನಿಲ್ಲಿ, ಇಳಿಯುವವರಿಗೆ ದಾರಿ ಬಿಡಿ. ರೈಲಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಡುರಿಯನ್ ಹಣ್ಣನ್ನಂತೂ ಒಳಗೆ ಬಿಡುವುದೇ ಇಲ್ಲ. ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ಸರಿಯಾಗಿ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತದೆ. ಓಡುತ್ತಿದ್ದವರೂ ಇದ್ದಲ್ಲೇ ನಿಂತುಬಿಡುತ್ತಾರೆ. ನೀವೂ ನಿಲ್ಲಿ. ಅದರ ಮಧ್ಯೆ ಟಿಕೆಟ್ ಯಂತ್ರದ ಕಡೆ ನುಗ್ಗುವುದು ತೀರಾ ಕೆಟ್ಟದಾಗಿ ಕಾಣುತ್ತದೆ.

ವಯಸ್ಸಾದವರು ಜೊತೆಗಿದ್ದರೆ ಮೊದಲು ಲಿಫ್ಟ್ ಎಲ್ಲಿದೆ ನೋಡಿ. ಬಿಟಿಎಸ್‌ನಲ್ಲಿ ಎಲ್ಲ ದ್ವಾರಗಳಿಗೂ ಲಿಫ್ಟ್ ಇರುವುದಿಲ್ಲ, ತಪ್ಪಾದ ದ್ವಾರ ಹಿಡಿದರೆ ಎರಡು ಮಹಡಿ ಮೆಟ್ಟಿಲು. ಹೊರಬರುವ ಮೊದಲು ದ್ವಾರದ ಸಂಖ್ಯೆ ನೋಡುವ ಅಭ್ಯಾಸ ಎಲ್ಲರಿಗೂ ಒಳ್ಳೆಯದು. ಯಾಕೆಂದರೆ ಕೆಳಗಿಳಿದ ಮೇಲೆ ಎಂಟು ಸಾಲು ವಾಹನ ದಾಟುವುದು ಆಗದ ಮಾತು. ನ್ಯಾಷನಲ್ ಸ್ಟೇಡಿಯಂ, ಸಿಯಾಮ್, ಚಿಟ್ ಲೋಮ್ ನಡುವೆ ರೈಲಿನ ಅಡಿಯಲ್ಲೇ ಕಾಲುಸೇತುವೆ ಇದೆ. ಅಷ್ಟು ದೂರಕ್ಕೆ ಟಿಕೆಟ್ ಬೇಡ, ನಡೆಯಿರಿ.

## ಹಂತ 4: ದೋಣಿ

ಹಳೇ ಊರಿಗೆ ಹೋಗಲು ಚಾವೋ ಫ್ರಾಯಾ ನದಿಗಿಂತ ಒಳ್ಳೆಯ ರಸ್ತೆ ಇಲ್ಲ. ಸಿಗ್ನಲ್ ಇಲ್ಲ, ಗಾಳಿ ಬೇರೆ ಬರುತ್ತದೆ.

1. ಬಿಟಿಎಸ್ ಸಿಲೋಮ್ ಲೈನಿನಲ್ಲಿ ಸಪಾನ್ ತಾಕ್ಸಿನ್‌ಗೆ ಬನ್ನಿ. 2ನೇ ದ್ವಾರದಿಂದ ಇಳಿದರೆ ಎದುರಿಗೇ ಸಾತೋರ್ನ್ ದೋಣಿಕಟ್ಟೆ.

2. ದೋಣಿಯ ಬಾವುಟದ ಬಣ್ಣ ನೋಡಿ. ಕಿತ್ತಳೆ ಬಾವುಟದ್ದು ಊರಿನವರ ದೋಣಿ, ಎಷ್ಟು ದೂರ ಹೋದರೂ ಒಂದೇ ದರ, 16 ಬಾತ್. ನೀಲಿ ಬಾವುಟದ್ದು ಪ್ರವಾಸಿಗರದ್ದು, ಅದಕ್ಕೆ ದರ ಹೆಚ್ಚು. ಕಟ್ಟೆಗೆ ಬಂದ ಕೂಡಲೇ ಕೈಸನ್ನೆ ಮಾಡಿ ಕರೆಯುವುದು ನೀಲಿಯವರು. ಅದೂ ಕೆಟ್ಟದ್ದೇನಲ್ಲ, ಕೂರಲು ಜಾಗ ಸಿಗುತ್ತದೆ. ಆದರೆ ಕಿತ್ತಳೆ ಇದೆ ಅಂತ ಅವರಾಗಿ ಹೇಳುವುದಿಲ್ಲ, ‘ಆರೆಂಜ್’ ಅಂತ ನೀವೇ ಕೇಳಬೇಕು.

3. ಕಟ್ಟೆಗಳಿಗೆ ಸಂಖ್ಯೆ ಇದೆ. ರಾಚವೋಂಗ್ ಎನ್ 5, ಚೈನಾಟೌನ್‌ಗೆ. ತಾ ತಿಯೆನ್ ಎನ್ 8, ವಾಟ್ ಫೋ ದೇವಾಲಯಕ್ಕೆ. ತಾ ಚಾಂಗ್ ಎನ್ 9, ಅರಮನೆಗೆ. ಫ್ರಾ ಆಥಿಟ್ ಎನ್ 13, ಖಾವೋಸಾನ್‌ಗೆ. ಸಾತೋರ್ನ್‌ನಿಂದ ಉತ್ತರಕ್ಕೆ ಹೋದಂತೆ ಸಂಖ್ಯೆ ಏರುತ್ತದೆ.

4. ಒಂದೇ ತೇಲುಕಟ್ಟೆಗೆ ಎರಡೂ ದಿಕ್ಕಿನ ದೋಣಿಗಳು ಬಂದು ತಾಗುತ್ತವೆ. ಮೊದಲು ಬಂದದ್ದಕ್ಕೆ ಹಾರಬೇಡಿ. ಅದರ ಮೂತಿ ಯಾವ ಕಡೆ ಇದೆ ನೋಡಿ, ಎಲ್ಲಿಗೆ ಹೋಗಬೇಕೋ ಅದರ ಹೆಸರು ಹೇಳಿ ಕೇಳಿ. ಹಿಂಬದಿಯಲ್ಲಿ ನಿಂತ ಹುಡುಗ ಸೀಟಿ ಊದುತ್ತಾ ಚಾಲಕನಿಗೆ ಸನ್ನೆ ಕೊಡುತ್ತಾನೆ, ಹಗ್ಗ ಸುತ್ತಿ ದೋಣಿಯನ್ನು ಕಟ್ಟೆಗೆ ಎಳೆದು ಹಿಡಿಯುತ್ತಾನೆ. ಆ ಕೆಲವೇ ಕ್ಷಣದಲ್ಲಿ ಹತ್ತಬೇಕು, ಇಳಿಯಬೇಕು. ಆದ್ದರಿಂದ ನಿಮ್ಮ ಕಟ್ಟೆ ಬರುವ ಮೊದಲೇ ಎದ್ದು ಹಿಂದಕ್ಕೆ ಹೋಗಿ ನಿಂತಿರಿ. ಕಂಡಕ್ಟರಮ್ಮ ಉದ್ದನೆಯ ತಗಡಿನ ಕೊಳವೆಯಲ್ಲಿ ಚಿಲ್ಲರೆ ಝಣಝಣ ಕುಲುಕುತ್ತಾ ಬರುತ್ತಾರೆ. ಅದೇ ಕೊಳವೆಯ ಅಂಚಿನಲ್ಲಿ ಟಿಕೆಟ್ ಹರಿದು ಕೊಡುತ್ತಾರೆ. ಸದ್ದು ಕೇಳಿದರೆ 20ರ ನೋಟು ತೆಗೆದಿಡಿ.

5. ತಾ ತಿಯೆನ್‌ನಿಂದ ಎದುರು ದಡದ ವಾಟ್ ಅರುಣ್ ದೇವಾಲಯಕ್ಕೆ ದಾಟುವ ದೋಣಿ ಬೇರೆ, 5 ಬಾತ್. ಸಂಜೆ ಆರೂವರೆ, ಏಳರ ಮೇಲೆ ಕಿತ್ತಳೆ ದೋಣಿ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ.

ಇನ್ನೊಂದು ಜಲದಾರಿ ಸೇನ್ ಸೇಪ್ ಕಾಲುವೆ. ನೀರು ಕೊಳಕು, ವಾಸನೆ ಇದೆ, ದೋಣಿ ಅಂಚು ಹತ್ತಿ ಒಳಗೆ ಹಾರಬೇಕು. ಎದುರಿನಿಂದ ದೋಣಿ ಬಂದಾಗ ಬದಿಯಲ್ಲಿ ಕೂತವರು ಹಗ್ಗ ಎಳೆದು ಟಾರ್ಪಲ್ ಏರಿಸಬೇಕು, ಇಲ್ಲದಿದ್ದರೆ ಎಲ್ಲರಿಗೂ ಸಿಂಚನ. ಆದರೆ ಸಂಜೆ ಟ್ರಾಫಿಕ್‌ನಲ್ಲಿ ಇದಕ್ಕಿಂತ ವೇಗದ್ದು ಇಲ್ಲ. ಪ್ರತುನಾಮ್‌ನಲ್ಲಿ ಎಲ್ಲರೂ ಇಳಿದು ಇನ್ನೊಂದು ದೋಣಿಗೆ ಬದಲಾಗಬೇಕು, ಟಿಕೆಟ್ ಬಿಸಾಡಬೇಡಿ. ಪಶ್ಚಿಮದ ಕೊನೆ ಪನ್‌ಫಾ, ಗೋಲ್ಡನ್ ಮೌಂಟ್ ಎಂಬ ಗುಡ್ಡದ ದೇವಾಲಯದ ಹತ್ತಿರ. ಚಿಕ್ಕ ಮಕ್ಕಳು, ಮಂಡಿ ನೋವಿನವರು ಇದ್ದರೆ ಈ ದೋಣಿ ಬೇಡ.

## ಹಂತ 5: ಕಾರು, ಬೈಕು, ಟುಕ್‌ಟುಕ್

ಈಗ ಕಾರಿನ ಸರದಿ. ಬೆಳಗ್ಗೆ 7ರಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ 8ರವರೆಗೆ ಹತ್ತಬೇಡಿ. ಮಳೆ ಬಿದ್ದರೆ ಯಾವ ಹೊತ್ತಾದರೂ ಬೇಡ. ಶುಕ್ರವಾರ ಸಂಜೆ ಮಳೆ ಬಂತು ಅಂದರೆ ಸುಕುಂವಿಟ್ ರಸ್ತೆ ನಮ್ಮ ಸಿಲ್ಕ್ ಬೋರ್ಡಿನ ಅಣ್ಣ. ಗ್ರಾಬ್ ದರವೂ ಏರಿರುತ್ತದೆ. ಮಾಲ್ ಒಳಗೆ ಕೂತು ಊಟ ಮುಗಿಸಿ, ಮಳೆ ನಿಂತ ಮೇಲೆ ಹೊರಡಿ. ಸೆಪ್ಟೆಂಬರ್‌ನಲ್ಲಿ ಹೋಗುವವರಿಗೆ ಈ ಮಾತು ದಿನವೂ ಬೇಕಾಗುತ್ತದೆ.

ಆ್ಯಪ್ ಕಾರು: ನಿಂತ ಜಾಗದ ಗುರುತನ್ನು ಕೈಯಲ್ಲೇ ಸರಿಪಡಿಸಿ. ದೊಡ್ಡ ರಸ್ತೆಯ ಮಧ್ಯೆ ಅಡ್ಡಗೋಡೆ ಇರುತ್ತದೆ, ಯೂ-ಟರ್ನ್ ದೂರದಲ್ಲಿ. ನೀವು ತಪ್ಪು ಬದಿಯಲ್ಲಿ ನಿಂತರೆ ಕಾರು ಎದುರೇ ಕಂಡರೂ ನಿಮ್ಮ ಹತ್ತಿರ ಬರಲು ಕಾಲು ಗಂಟೆ. ಹೋಗಬೇಕಾದ ದಿಕ್ಕಿನ ಬದಿಗೆ ಕಾಲುಸೇತುವೆ ದಾಟಿ ನಿಂತು, ಆಮೇಲೆ ಬುಕ್ ಮಾಡಿ.

ರಸ್ತೆ ಟ್ಯಾಕ್ಸಿ: ಮುಂದಿನ ಗಾಜಿನಲ್ಲಿ ಕೆಂಪು ದೀಪದ ಅಕ್ಷರ ಹೊಳೆಯುತ್ತಿದ್ದರೆ ಖಾಲಿ ಎಂದರ್ಥ. ಬಾಗಿಲು ತೆರೆದು, ಕೂರುವ ಮೊದಲು ‘ಮೀಟರ್?’ ಎಂದು ಕೇಳಿ. ಮೀಟರ್ ಶುರುವಾಗುವುದು 35 ಬಾತ್‌ಗೆ, ದೊಡ್ಡ ಗಾಡಿಯಾದರೆ 40ಕ್ಕೆ. ‘ಮುನ್ನೂರು, ನಾಲ್ಕುನೂರು’ ಎಂದರೆ ನಕ್ಕು ಬಾಗಿಲು ಮುಚ್ಚಿ. ಚೌಕಾಸಿ ಮಾಡುತ್ತಾ ನಿಲ್ಲಬೇಡಿ, ಹಿಂದೆ ಇನ್ನೊಂದು ಬರುತ್ತಿರುತ್ತದೆ. ಪ್ರವಾಸಿ ಜಾಗದ ಎದುರು ನಿಂತುಕೊಂಡೇ ಇರುವ ಟ್ಯಾಕ್ಸಿಗಳು ಮೀಟರ್ ಹಾಕುವುದು ಅಪರೂಪ. ಸ್ವಲ್ಪ ಮುಂದೆ ನಡೆದು, ಓಡುತ್ತಿರುವುದಕ್ಕೆ ಕೈ ಮಾಡಿ. ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಪಾಳಿ ಬದಲಾಗುತ್ತದೆ, ಆಗ ಒಬ್ಬರಾದ ಮೇಲೆ ಒಬ್ಬರು ಬೇಡ ಎಂದರೆ ಬೇಸರ ಮಾಡಿಕೊಳ್ಳಬೇಡಿ.

ಬೈಕ್ ಟ್ಯಾಕ್ಸಿ: ಸೋಯ್ ಬಾಯಲ್ಲಿ ಕಿತ್ತಳೆ ಅಂಗಿ ತೊಟ್ಟವರು ಕೂತಿರುತ್ತಾರೆ. ಒಳಗಿನ ಒಂದು ಕಿಲೋಮೀಟರಿಗೆ ಸರಿ. ಹೆಲ್ಮೆಟ್ ಕೇಳಿ, ಮಂಡಿ ಒಳಗೆ ಇಟ್ಟುಕೊಳ್ಳಿ. ಮುಖ್ಯರಸ್ತೆಯ ದೂರದ ಓಟಕ್ಕೆ ನಾನಂತೂ ಹೇಳುವುದಿಲ್ಲ. ನಿಮ್ಮ ಪ್ರವಾಸ ವಿಮೆ ಬೈಕನ್ನು ಒಳಗೊಂಡಿದೆಯೇ ಎಂದು ಮೊದಲೇ ಓದಿಕೊಂಡಿರಿ.

ಟುಕ್‌ಟುಕ್: ಮೀಟರ್ ಇಲ್ಲ, ಎಸಿ ಇಲ್ಲ, ಟ್ಯಾಕ್ಸಿಗಿಂತ ದುಬಾರಿ. ಒಂದು ಸಲ ಹತ್ತಿ, ಫೋಟೋ ತೆಗೆಸಿಕೊಳ್ಳಿ, ಸಾಕು. ಹತ್ತುವ ಮೊದಲೇ ದರ ಮಾತಾಡಿ.

### ಈ ಮಾತು ಕೇಳಿದರೆ ಹಿಂದೆ ಸರಿಯಿರಿ

‘ಅರಮನೆ ಇವತ್ತು ಮುಚ್ಚಿದೆ.’ ಅರಮನೆಯ ಗೋಡೆ ಪಕ್ಕದಲ್ಲಿ ಶುಚಿಯಾಗಿ ಬಟ್ಟೆ ತೊಟ್ಟ, ಒಳ್ಳೆ ಇಂಗ್ಲಿಷ್ ಮಾತಾಡುವ ಒಬ್ಬರು ಹೇಳುತ್ತಾರೆ. ಕಾರಣವೂ ಸಿದ್ಧ ಇರುತ್ತದೆ: ಪೂಜೆ, ರಜೆ, ಏನೋ ಒಂದು. ಗ್ರ್ಯಾಂಡ್ ಪ್ಯಾಲೇಸ್ ಸಾಮಾನ್ಯವಾಗಿ ದಿನವೂ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರೂವರೆವರೆಗೆ ತೆರೆದಿರುತ್ತದೆ. ಮುಚ್ಚಿದೆಯೋ ಇಲ್ಲವೋ ಟಿಕೆಟ್ ಕಿಟಕಿಯವರು ಹೇಳಲಿ.

‘20 ಬಾತ್‌ಗೆ ಇಡೀ ಊರು ತೋರಿಸ್ತೀನಿ.’ ಮೇಲಿನ ಮಾತಿನ ಮುಂದುವರಿದ ಭಾಗ ಇದು. ತೋರಿಸುವುದು ಹರಳಿನ ಅಂಗಡಿ, ಸೂಟು ಹೊಲಿಯುವ ಅಂಗಡಿ. ಚಾಲಕನ ದುಡಿಮೆ ಅಲ್ಲಿನ ಕಮಿಷನ್‌ನಲ್ಲಿದೆ.

‘ದೋಣಿ ನಿಂತಿದೆ, ನಮ್ಮ ಉದ್ದಬಾಲದ ದೋಣಿ ಮಾತ್ರ ಇದೆ.’ ಸಾರ್ವಜನಿಕ ಕಟ್ಟೆಗೆ ನೀವೇ ನಡೆದು ಹೋಗಿ ನೋಡಿ.

ಯಾರಾದರೂ ತಾವಾಗಿಯೇ ಬಂದು ಯೋಜನೆ ಬದಲಾಯಿಸಲು ಹೇಳಿದರೆ ಅದೇ ಎಚ್ಚರಿಕೆಯ ಗಂಟೆ. ದಾರಿ ಕೇಳುವುದಿದ್ದರೆ ನಿಮ್ಮ ಹತ್ತಿರ ಬರದೆ ತಮ್ಮ ಪಾಡಿಗಿರುವ ಅಂಗಡಿಯವರನ್ನು ಕೇಳಿ. ಪ್ರವಾಸಿ ಪೊಲೀಸ್ 1155. ಟ್ಯಾಕ್ಸಿ ದೂರಿಗೆ 1584. ಗಾಡಿ ಬಾಗಿಲ ಮೇಲಿನ ನಂಬರಿನ ಫೋಟೋ ತೆಗೆದರೇ ಎಷ್ಟೋ ಜಗಳ ಅಲ್ಲಿಗೇ ತಣ್ಣಗಾಗುತ್ತದೆ.

## ಹಂತ 6: ಒಂದು ದಿನವನ್ನು ಹೊಂದಿಸುವುದು

ಅಸೋಕ್ ಹತ್ತಿರ ಉಳಿದಿದ್ದೀರಿ, ಹಳೇ ಊರು ನೋಡಬೇಕು. ಮೇಲೆ ಹೇಳಿದ್ದನ್ನೆಲ್ಲ ಸೇರಿಸಿದರೆ ಹೀಗಾಗುತ್ತದೆ.

1. ಬೆಳಗ್ಗೆ ಏಳೂವರೆಗೆ ಎಂಆರ್‌ಟಿ ಸುಕುಂವಿಟ್. ಲಾಕ್ ಸಾಂಗ್ ಕಡೆಯ ರೈಲು. ಎಲ್ಲೂ ಬದಲಾಯಿಸದೆ ಸನಾಮ್ ಚಾಯ್. ಮಂಡಿ, ಭುಜ ಮುಚ್ಚುವ ಬಟ್ಟೆ ಇರಲಿ, ಇಲ್ಲದಿದ್ದರೆ ಅರಮನೆ ಬಾಗಿಲಲ್ಲೇ ತಡೆಯುತ್ತಾರೆ.

2. ಮೊದಲು ಅರಮನೆ, ಆಮೇಲೆ ವಾಟ್ ಫೋ. ನಿಲ್ದಾಣಕ್ಕೆ ವಾಟ್ ಫೋ ಹತ್ತಿರ ಅಂತ ಅದನ್ನು ಮೊದಲು ನೋಡುವವರು ಬಹಳ. ಹಾಗೆ ಮಾಡಿದರೆ ಹನ್ನೊಂದರ ಬಿಸಿಲು, ಬಸ್ಸುಗಟ್ಟಲೆ ಜನ ಎರಡೂ ಅರಮನೆಯಲ್ಲಿ ಒಟ್ಟಿಗೆ ಸಿಗುತ್ತವೆ. ಅರಮನೆಗೆ 500 ಬಾತ್ ಟಿಕೆಟ್, ಸಾವಕಾಶವಾಗಿ ನೋಡಬೇಕಾದ ಜಾಗ.

3. ತಾ ತಿಯೆನ್‌ನಿಂದ ನದಿ ದಾಟಿ ವಾಟ್ ಅರುಣ್.

4. ಮಧ್ಯಾಹ್ನದ ಮೇಲೆ ಕಿತ್ತಳೆ ದೋಣಿಯಲ್ಲಿ ದಕ್ಷಿಣಕ್ಕೆ ರಾಚವೋಂಗ್. ಅಲ್ಲಿಂದ ಚೈನಾಟೌನ್ ನಡಿಗೆ. ಸಸ್ಯಾಹಾರಿಗಳು ಪಕ್ಕದ ಪಾಹುರಾತ್ ಕಡೆ ಹೋಗಿ, ಭಾರತೀಯರ ಅಂಗಡಿ, ಊಟ ಎರಡೂ ಸಿಗುತ್ತವೆ. ಅದಕ್ಕೆ ಹತ್ತಿರದ ನಿಲ್ದಾಣ ಸಾಮ್ ಯೋಟ್.

5. ಚೈನಾಟೌನ್‌ನ ಯಾವೋವರಾಟ್ ರಸ್ತೆಯ ದೀಪಗಳು ಹತ್ತಿದ ಮೇಲೆ ವಾಟ್ ಮಂಗ್ಕೋನ್ ನಿಲ್ದಾಣದಿಂದ ವಾಪಸ್. ಈ ಸಲ ಫಲಕ ‘ತಾ ಫ್ರಾ’, ಬಾಂಗ್ ಸ್ಯೂ ಕಡೆಯದು.

ಇಡೀ ದಿನ ಒಂದೂ ಕಾರು ಬೇಕಾಗಲಿಲ್ಲ. ಓಡಾಟದ ಖರ್ಚು ಒಬ್ಬರಿಗೆ 150 ಬಾತ್ ದಾಟುವುದು ಕಷ್ಟ. ಶನಿವಾರ, ಭಾನುವಾರ ಚತುಚಕ್ ಸಂತೆಗೆ ಹೋಗುವವರು ಕಾಂಫೇಂಗ್ ಫೆಟ್ ಎಂಬ ಎಂಆರ್‌ಟಿ ನಿಲ್ದಾಣದಲ್ಲಿ ಇಳಿಯಿರಿ, ಮೆಟ್ಟಿಲು ಹತ್ತಿದರೆ ಸಂತೆಯ ಬಾಯಲ್ಲೇ ಇರುತ್ತೀರಿ.

## ಹಂತ 7: ಊರು ಬಿಡುವಾಗ

ಪಟ್ಟಾಯಾಕ್ಕೆ ಬಸ್ಸು ಎಕ್ಕಮಾಯ್‌ನಿಂದ, ಅದು ಬಿಟಿಎಸ್ ಎಕ್ಕಮಾಯ್ ಪಕ್ಕದಲ್ಲೇ. ಉತ್ತರದ ಬಸ್ಸುಗಳು ಮೋ ಚಿಟ್ ಬಸ್ ನಿಲ್ದಾಣದಿಂದ. ಎಚ್ಚರ: ಮೋ ಚಿಟ್ ಬಿಟಿಎಸ್ ಇಳಿದರೆ ಆ ಬಸ್ ನಿಲ್ದಾಣ ಕಾಣುವುದಿಲ್ಲ. ಹೆಸರು ಒಂದೇ, ಜಾಗ ದೂರ. ಅಲ್ಲಿಂದ ಮತ್ತೆ ಟ್ಯಾಕ್ಸಿ ಬೇಕು, ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ದೂರದ ರೈಲುಗಳಲ್ಲಿ ಹೆಚ್ಚಿನವು 2023ರ ಜನವರಿಯಿಂದ ಕ್ರುಂಗ್ ತೆಪ್ ಅಪಿವಾಟ್‌ನಿಂದ ಹೊರಡುತ್ತವೆ. ಹಳೇ ಬರಹಗಳನ್ನು ಓದಿ ಹುವಾ ಲಂಫೋಂಗ್ ಎಂಬ ಹಳೇ ನಿಲ್ದಾಣಕ್ಕೆ ಹೋಗಿ ರೈಲು ತಪ್ಪಿಸಿಕೊಳ್ಳುವವರು ಇನ್ನೂ ಇದ್ದಾರೆ. ಟಿಕೆಟ್‌ನಲ್ಲಿರುವ ನಿಲ್ದಾಣದ ಹೆಸರನ್ನೇ ನಂಬಿ.

ವಾಪಸ್ ವಿಮಾನಕ್ಕೆ ಹೊರಡುವಾಗ ಯಾವ ನಿಲ್ದಾಣ ಎಂದು ಟಿಕೆಟ್ ತೆಗೆದು ನೋಡಿ. ಬಂದ ನಿಲ್ದಾಣದಿಂದಲೇ ವಾಪಸ್ ವಿಮಾನ ಅಂತ ಏನೂ ಇಲ್ಲ. ಟ್ಯಾಕ್ಸಿಯವರಿಗೆ ಸುವರ್ಣಭೂಮಿ ಅಂದರೆ ತಿಳಿಯುವುದಿಲ್ಲ, ‘ಸುವನ್ನಪೂಮ್’ ಎನ್ನಿ, ಜೊತೆಗೆ ಥಾಯ್ ಅಕ್ಷರ ತೋರಿಸಿ. ಬೆಂಗಳೂರಿನ ವಿಮಾನ ರಾತ್ರಿಯದ್ದಾಗಿದ್ದು, ನೀವು ಸಂಜೆ 6ಕ್ಕೆ ಹೋಟೆಲ್ ಬಿಡುವುದಾದರೆ ಟ್ಯಾಕ್ಸಿ ಯೋಚನೆಯೇ ಬೇಡ. ಪಯಾ ತಾಯ್ ಅಥವಾ ಮಕ್ಕಸನ್‌ನಿಂದ ರೈಲು ಹಿಡಿಯಿರಿ. ಪಯಾ ತಾಯ್ ಮೊದಲ ನಿಲ್ದಾಣ, ಸಾಮಾನು ಇದ್ದವರಿಗೆ ಅಲ್ಲಿ ಹತ್ತಿದರೆ ಕೂರಲು ಜಾಗ ಸಿಗುತ್ತದೆ. ಮಕ್ಕಸನ್‌ಗೆ ಬರುವಷ್ಟರಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುವವರಿಂದ ಬೋಗಿ ತುಂಬಿರುತ್ತದೆ.